ಕಣ ಎಲ್ಲಿ ನಿಲ್ಲುತ್ತದೆ? – ವಿಲಿಯಂ ಹೆನ್ರಿ ಬ್ರಾಗ್

ಮಕ್ಕಳೇ, ನಿಮ್ಮ ಬೀದಿಯಲ್ಲಿ ಕಾಲು ಮುರಿದು ರಾಡು ಹಾಕಿಸಿಕೊಂಡವರು ಯಾರಾದರೂ ಇದ್ದಾರೆಯೇ? ಬೈಕಿನಿಂದ ಬಿದ್ದವರೋ, ತೆಂಗಿನ ಮರದಿಂದ ಜಾರಿದವರೋ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಅವರ ಎಕ್ಸ್-ರೇ ಫಿಲಂ ಕೇಳಿ ಪಡೆದು ಬೆಳಕಿಗೆ ಹಿಡಿದು ನೋಡಿ. ಮೂಳೆ ಮಬ್ಬು ಬಿಳಿಯಾಗಿ ಕಾಣುತ್ತದೆ. ಲೋಹದ ರಾಡು, ತಿರುಪುಗಳು ಅಚ್ಚ ಬಿಳಿಯಾಗಿ ಕಾಣುತ್ತವೆ. ಮೂಳೆ ಕೂಡಿಕೊಂಡ ಮೇಲೂ ಆ ಲೋಹ ಎಷ್ಟೋ ಜನರ ಮೈಯಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಅವರು ನಡೆಯುತ್ತಾರೆ, ಹೊಲಕ್ಕೆ ಹೋಗುತ್ತಾರೆ. ಅಷ್ಟರಮಟ್ಟಿಗೆ ತೊಂದರೆಯೇನಿಲ್ಲ.

ಆದರೆ ಅಂಥ ಲೋಹ ಬೆನ್ನುಮೂಳೆಯಲ್ಲಿದ್ದು, ಅದರ ಪಕ್ಕದಲ್ಲೇ ಕ್ಯಾನ್ಸರ್ ಗಡ್ಡೆಯಿದ್ದರೆ? ಆ ಗಡ್ಡೆಯನ್ನು ಪ್ರೋಟಾನ್ ಎಂಬ ಕಣಗಳಿಂದ ನಾಶಮಾಡಬೇಕಾಗಿ ಬಂದರೆ? ಆಗ ಆ ಚಿಕ್ಕ ತಿರುಪು ದೊಡ್ಡ ಆಸ್ಪತ್ರೆಯ ವೈದ್ಯರನ್ನೂ ಭೌತವಿಜ್ಞಾನಿಗಳನ್ನೂ ಚಿಂತೆಗೆ ಹಚ್ಚುತ್ತದೆ. ಏಕೆಂದು ತಿಳಿಯಲು ನಾವು ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ ತೆಳ್ಳನೆಯ ಲೋಹದ ಹಾಳೆಗಳನ್ನು ಮುಂದಿಟ್ಟುಕೊಂಡು ಅಳತೆ ಮಾಡುತ್ತಿದ್ದ ಒಬ್ಬ ಮೇಷ್ಟರನ್ನು ನೋಡಬೇಕು. ಅವರ ಹೆಸರು ವಿಲಿಯಂ ಹೆನ್ರಿ ಬ್ರಾಗ್.

ಬ್ರಾಗ್ ಹುಟ್ಟಿದ್ದು 1862ರ ಜುಲೈ 2ರಂದು, ಇಂಗ್ಲೆಂಡಿನ ಉತ್ತರದ ಒಂದು ಹಳ್ಳಿಯಲ್ಲಿ. ತಂದೆ ಮೊದಲು ಸರಕು ಹಡಗಿನಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ಊರಿಗೆ ಬಂದು ಬೇಸಾಯ ಹಿಡಿದವರು. ಹುಡುಗನಿಗೆ ಏಳು ವರ್ಷವಾದಾಗ ತಾಯಿ ತೀರಿಕೊಂಡರು. ಮಾರ್ಕೆಟ್ ಹಾರ್ಬರೋ ಎಂಬ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ದೊಡ್ಡಪ್ಪನೊಬ್ಬ ಅವನನ್ನು ಕರೆದುಕೊಂಡು ಹೋಗಿ ಸಾಕಿದ. ಅಲ್ಲಿ ಮುಚ್ಚಿಹೋಗಿದ್ದ ಹಳೆಯ ಶಾಲೆಯೊಂದು ಮತ್ತೆ ತೆರೆದಾಗ ಸೇರಿದವರು ಆರೇ ಹುಡುಗರು. ಅವರಲ್ಲಿ ಇವನೂ ಒಬ್ಬ. ನಿಮ್ಮ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕಡಿಮೆಯೆಂದು ಬೇಸರವಾಗಿದ್ದರೆ ಈ ಆರು ಜನರನ್ನು ನೆನೆಸಿಕೊಳ್ಳಿ!

ಹುಡುಗ ಗಣಿತದಲ್ಲಿ ಬಹಳ ಚುರುಕು. ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸೇರಿ, ಅಲ್ಲಿನ ಕಠಿಣವಾದ ಗಣಿತ ಪರೀಕ್ಷೆಯಲ್ಲಿ 1884ರಲ್ಲಿ ಮೂರನೆಯ ಸ್ಥಾನ ಪಡೆದ. ಮರುವರ್ಷ ಅಡಿಲೇಡಿನಲ್ಲಿ ಪ್ರಾಧ್ಯಾಪಕರ ಹುದ್ದೆ ಖಾಲಿಯಿದೆ ಎಂದು ತಿಳಿಯಿತು. ಅರ್ಜಿ ಹಾಕಿದ, ಆಯ್ಕೆಯೂ ಆದ. ಆಗ ಅವನ ವಯಸ್ಸು 23. ಒಂದೇ ಒಂದು ತೊಡಕು. ಅಲ್ಲಿ ಗಣಿತದ ಜೊತೆಗೆ ಭೌತವಿಜ್ಞಾನವನ್ನೂ ಕಲಿಸಬೇಕಿತ್ತು. ಬ್ರಾಗ್‌ಗೆ ಭೌತವಿಜ್ಞಾನ ಅಷ್ಟಾಗಿ ಗೊತ್ತಿರಲಿಲ್ಲ. 1886ರಲ್ಲಿ ಹಡಗು ಹತ್ತಿ, ದಾರಿಯುದ್ದಕ್ಕೂ ಭೌತವಿಜ್ಞಾನದ ಪುಸ್ತಕ ಓದುತ್ತ ಹೋದರು. ಅಡಿಲೇಡಿನಲ್ಲಿ ಪ್ರಯೋಗದ ಸಾಮಗ್ರಿಯೂ ಸಾಕಷ್ಟಿರಲಿಲ್ಲ. ಪ್ರಾಧ್ಯಾಪಕರು ನಾಚಿಕೆಪಡದೆ ಉಪಕರಣ ತಯಾರಿಸುವವರ ಬಳಿ ಕೆಲಸ ಕಲಿಯಲು ಹೋದರು. ತರಗತಿಗೆ ಬೇಕಾದ ಸಲಕರಣೆಗಳನ್ನು ಕೈಯಾರೆ ಮಾಡಿಕೊಂಡರು. ನನಗೆ ಬ್ರಾಗ್ ಅವರ ಬದುಕಿನಲ್ಲಿ ತುಂಬ ಇಷ್ಟವಾಗುವ ಸಂಗತಿ ಇದೇ. ನೊಬೆಲ್ ಬಹುಮಾನಕ್ಕಿಂತಲೂ ಇದೇ ಹೆಚ್ಚು ಇಷ್ಟ.

1889ರಲ್ಲಿ ಗ್ವೆಂಡೊಲಿನ್ ಟಾಡ್ ಎಂಬವರನ್ನು ಮದುವೆಯಾದರು. ಹಿರಿಯ ಮಗ ಲಾರೆನ್ಸ್, ಎರಡನೆಯವನು ಬಾಬ್. ಲಾರೆನ್ಸ್ ಐದಾರು ವರ್ಷದವನಿದ್ದಾಗ ಒಂದು ದಿನ ಮೂರು ಚಕ್ರದ ಸೈಕಲ್ಲಿನಿಂದ ಬಿದ್ದು ಎಡಗೈಯ ಮೊಣಕೈ ಮುರಿದುಕೊಂಡ. ಜರ್ಮನಿಯ ರಾಂಟ್ಜೆನ್ ಎಂಬ ವಿಜ್ಞಾನಿ ಎಕ್ಸ್-ರೇ, ಅಂದರೆ ಕ್ಷ-ಕಿರಣಗಳನ್ನು ಕಂಡುಹಿಡಿದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅದು 1895ರ ನವೆಂಬರ್ ತಿಂಗಳ ಮಾತು. ಬ್ರಾಗ್ 1896ರಲ್ಲಿ ಅಡಿಲೇಡಿನಲ್ಲೇ ಆ ಕಿರಣಗಳನ್ನು ಉಂಟುಮಾಡಿ ತೋರಿಸಿದ್ದರು. ಅದೇ ಸಲಕರಣೆಯ ಮುಂದೆ ಮಗನನ್ನು ಕೂರಿಸಿ ಮೊಣಕೈಯ ಚಿತ್ರ ತೆಗೆದರು. ಚಟಪಟ ಸಿಡಿಯುವ ಕಿಡಿಗಳನ್ನು ಕಂಡು ಹುಡುಗ ಹೆದರಿಹೋಗಿದ್ದನಂತೆ. ಇಡೀ ಆಸ್ಟ್ರೇಲಿಯಾದಲ್ಲಿ ಚಿಕಿತ್ಸೆಗಾಗಿ ತೆಗೆದ ಮೊದಮೊದಲ ಎಕ್ಸ್-ರೇ ಚಿತ್ರಗಳಲ್ಲಿ ಅದೂ ಒಂದು.

ಹೀಗೆ ಹದಿನೆಂಟು ವರ್ಷ ಕಳೆಯಿತು. ಪಾಠ ಚೆನ್ನಾಗಿ ಮಾಡುತ್ತಿದ್ದರು, ಟೆನಿಸ್ ಆಡುತ್ತಿದ್ದರು, ಚಿತ್ರ ಬರೆಯುತ್ತಿದ್ದರು. ಆದರೆ ಹೊಸದಾಗಿ ಏನನ್ನೂ ಕಂಡುಹಿಡಿದಿರಲಿಲ್ಲ. ವಯಸ್ಸು ನಲವತ್ತೊಂದು ಆಗಿತ್ತು. 1904ರ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ವಿಜ್ಞಾನಿಗಳ ಸಭೆಯಿತ್ತು. ಅಲ್ಲಿ ಅವರು ಭಾಷಣ ಮಾಡಬೇಕಿತ್ತು. ಭಾಷಣಕ್ಕೆಂದು ರೇಡಿಯಂ ಮುಂತಾದ ವಿಕಿರಣ ಧಾತುಗಳ ಬಗ್ಗೆ ಬೇರೆಯವರು ಬರೆದದ್ದನ್ನೆಲ್ಲ ಓದಿದರು. ಓದುತ್ತ ಓದುತ್ತ ಒಂದು ಅನುಮಾನ ಮೂಡಿತು.

ರೇಡಿಯಂನಿಂದ ಆಲ್ಫಾ ಕಣಗಳು ಹೊರಚಿಮ್ಮುತ್ತವೆ. ಗಾಳಿಯಲ್ಲಿ ಸಾಗುತ್ತ ಅವು ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತ ಹೋಗುತ್ತವೆ, ಮಂಜಿನಲ್ಲಿ ಟಾರ್ಚಿನ ಬೆಳಕು ಮಂಕಾಗುವ ಹಾಗೆ ಎಂಬುದು ಆಗ ಹೆಚ್ಚಿನವರ ಎಣಿಕೆ. ಬ್ರಾಗ್‌ಗೆ ಹಾಗನ್ನಿಸಲಿಲ್ಲ. ಆಲ್ಫಾ ಕಣ ಭಾರವಾದದ್ದು. ಅಣುಗಳು ಅಡ್ಡ ಬಂದರೂ ಅದು ನೇರವಾಗಿ ನುಗ್ಗಬೇಕು. ದಾರಿಯಲ್ಲಿ ಶಕ್ತಿಯನ್ನು ಕಳೆದುಕೊಳ್ಳುತ್ತ ಹೋಗಿ, ಒಂದು ನಿಗದಿಯಾದ ದೂರದಲ್ಲಿ ತಟ್ಟನೆ ನಿಲ್ಲಬೇಕು.

ಅನುಮಾನ ಬಂದರೆ ಸಾಕೇ? ಅಳೆದು ನೋಡಬೇಕು. ಗೆಳೆಯರೊಬ್ಬರ ಹಣದ ನೆರವಿನಿಂದ ಚೂರು ರೇಡಿಯಂ ತರಿಸಿದರು. ವಿಶ್ವವಿದ್ಯಾಲಯದ ಕುಶಲಕರ್ಮಿ ಆರ್ಥರ್ ರೋಜರ್ಸ್ ಉಪಕರಣ ಮಾಡಿಕೊಟ್ಟರು. ವಿದ್ಯಾರ್ಥಿ ರಿಚರ್ಡ್ ಕ್ಲೀಮನ್ ಜೊತೆಗೂಡಿದರು. ಉಪಕರಣ ಹೀಗಿತ್ತು. ಕೆಳಗೆ ರೇಡಿಯಂ ಸವರಿದ ತಟ್ಟೆ. ಮೇಲೆ ತೆಳುವಾದ ಒಂದು ಗಾಳಿಯ ಪದರ. ಕಣ ಆ ಪದರವನ್ನು ಹಾದುಹೋದಾಗ ಗಾಳಿಯ ಅಣುಗಳು ಒಡೆದು ವಿದ್ಯುತ್ತಿನ ಅಂಶವುಳ್ಳ ಚೂರುಗಳಾಗುತ್ತವೆ. ಇವಕ್ಕೆ ಅಯಾನುಗಳು ಎಂದು ಹೆಸರು. ಎಷ್ಟು ಅಯಾನುಗಳು ಉಂಟಾದವು ಎಂದು ಅಳೆದರೆ, ಕಣ ಆ ಜಾಗದಲ್ಲಿ ಎಷ್ಟು ಶಕ್ತಿಯನ್ನು ಬಿಟ್ಟುಕೊಟ್ಟಿತು ಎಂದು ಗೊತ್ತಾಗುತ್ತದೆ. ತಟ್ಟೆಯನ್ನು ಸ್ವಲ್ಪ ಕೆಳಗೆ ಇಳಿಸುವುದು, ಅಳೆಯುವುದು. ಮತ್ತೆ ಇಳಿಸುವುದು, ಅಳೆಯುವುದು. ಇಷ್ಟೇ ಕೆಲಸ.

ಫಲಿತಾಂಶ ಮಾತ್ರ ಸೊಗಸಾಗಿತ್ತು. ಬ್ರಾಗ್ ಎಣಿಸಿದಂತೆ ಕಣಗಳು ಗೊತ್ತಾದ ದೂರಕ್ಕೆ ಹೋಗಿ ನಿಲ್ಲುತ್ತಿದ್ದವು. ರೇಡಿಯಂನದೇ ಕಣಗಳು ಗಾಳಿಯಲ್ಲಿ ಸುಮಾರು ಮೂರೂವರೆ ಸೆಂಟಿಮೀಟರಿಗೆ, ಎಲ್ಲಕ್ಕಿಂತ ದೂರ ಹೋಗುವ ಗುಂಪಿನವು ಸುಮಾರು ಏಳು ಸೆಂಟಿಮೀಟರಿಗೆ. ಇನ್ನೊಂದು ಅಚ್ಚರಿಯೂ ಕಾದಿತ್ತು. ಕಣ ದಾರಿಯ ಮೊದಲಲ್ಲಿ ಕಡಿಮೆ ಶಕ್ತಿ ಬಿಡುತ್ತದೆ. ಕೊನೆಗೆ ಬಂದಾಗ, ನಿಲ್ಲುವುದಕ್ಕೆ ಸ್ವಲ್ಪ ಮೊದಲು, ಒಮ್ಮೆಲೇ ಬಹಳ ಶಕ್ತಿ ಬಿಡುತ್ತದೆ. ಆಮೇಲೆ ಸೊನ್ನೆ. ನಕ್ಷೆ ಬರೆದು ನೋಡಿದರೆ ಬಯಲಿನ ಕೊನೆಗೆ ಎದ್ದು ನಿಂತ ಗುಡ್ಡದ ಹಾಗೆ, ಗುಡ್ಡದ ಆಚೆ ಕಡಿದಾದ ಪ್ರಪಾತ. ಇದನ್ನೇ ಇಂದು ಬ್ರಾಗ್ ಶಿಖರ ಎನ್ನುತ್ತಾರೆ.

ಕೊನೆಯಲ್ಲೇ ಏಕೆ ಹೆಚ್ಚು? ಆಗಸ್ಟ್ 15ರಂದು ನಿಮ್ಮ ಶಾಲೆಯಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತಿದ್ದೀರಿ ಎಂದುಕೊಳ್ಳಿ. ಪೆಪ್ಪರ್‌ಮಿಂಟ್ ಚೀಲ ಹಿಡಿದ ಹುಡುಗನೊಬ್ಬ ಸಾಲಿನ ಮುಂದೆ ಓಡುತ್ತಾನೆ. ಅವನು ಜೋರಾಗಿ ಓಡುವಾಗ ಚೀಲಕ್ಕೆ ಕೈ ಹಾಕಲು ನಿಮಗೆ ಸಮಯವೇ ಸಿಗುವುದಿಲ್ಲ. ಸುಸ್ತಾಗಿ ನಿಧಾನವಾದನೋ, ಎಲ್ಲರೂ ಕೈ ಹಾಕುತ್ತಾರೆ. ಚೀಲ ಅಲ್ಲೇ ಖಾಲಿ. ಸಾಲಿನ ತುದಿಯವರಿಗೆ ಒಂದೂ ಇಲ್ಲ. ಕಣದ ಕಥೆಯೂ ಹೀಗೆಯೇ. ವೇಗವಾಗಿದ್ದಾಗ ಪ್ರತಿ ಅಣುವಿನ ಬಳಿ ಅದು ಇರುವುದು ಕ್ಷಣಮಾತ್ರ. ನಿಧಾನವಾದಂತೆ ಹೆಚ್ಚು ಹೊತ್ತು ಇರುತ್ತದೆ, ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ.

ಈಗ ಲೋಹದ ಹಾಳೆಗಳ ಸರದಿ. ಬ್ರಾಗ್ ಮತ್ತು ಕ್ಲೀಮನ್ ಕಣಗಳ ದಾರಿಗೆ ಅಲ್ಯೂಮಿನಿಯಂ, ತಾಮ್ರ, ಬೆಳ್ಳಿ, ಚಿನ್ನ ಮುಂತಾದ ಲೋಹಗಳ ತೆಳು ಹಾಳೆಗಳನ್ನು ಒಂದೊಂದಾಗಿ ಅಡ್ಡ ಇಟ್ಟರು. ಶಿಖರ ಮಾಯವಾಗಲಿಲ್ಲ. ರೇಡಿಯಂಗೆ ಹತ್ತಿರವಾಯಿತು, ಅಷ್ಟೆ. ಎಷ್ಟು ಹತ್ತಿರವಾಯಿತು ಎಂದು ಅಳೆದರೆ, ಈ ಹಾಳೆ ಇಷ್ಟು ಸೆಂಟಿಮೀಟರು ಗಾಳಿಗೆ ಸಮ ಎಂದು ಹೇಳಬಹುದು. ಅಂಗಡಿಯಲ್ಲಿ ತೂಕದ ಕಲ್ಲಿಟ್ಟು ಬೆಲ್ಲ ತೂಗಿದಂತೆ ಅವರು ಗಾಳಿಯಿಂದ ಲೋಹಗಳನ್ನು ತೂಗಿದರು! ಭಾರವಾದ ಪರಮಾಣುಗಳು ಕಣಗಳನ್ನು ಹೆಚ್ಚು ತಡೆಯುತ್ತವೆ, ಆ ತಡೆ ಪರಮಾಣು ತೂಕದ ವರ್ಗಮೂಲಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ ಎಂಬ ನಿಯಮವನ್ನೂ 1905ರಲ್ಲಿ ಕಂಡುಕೊಂಡರು. ಅದಕ್ಕೆ ಬ್ರಾಗ್-ಕ್ಲೀಮನ್ ನಿಯಮ ಎಂದೇ ಹೆಸರು.

ನೀವೂ ಒಂದು ಚಿಕ್ಕ ಪ್ರಯೋಗ ಮಾಡಿ. ನೋಟ್‌ಬುಕ್ಕನ್ನು ಓರೆಯಾಗಿಟ್ಟು ಅದರ ಮೇಲಿನಿಂದ ಗೋಲಿ ಉರುಳಿಸಿ. ನೆಲದ ಮೇಲೆ ಅದು ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಈಗ ದಾರಿಯಲ್ಲಿ ಅಂಗೈ ಅಗಲದ ಟವೆಲ್ ಬಟ್ಟೆ ಹಾಸಿ, ಮತ್ತೆ ಅಷ್ಟೇ ಎತ್ತರದಿಂದ ಉರುಳಿಸಿ. ಗೋಲಿ ಎಷ್ಟು ಹಿಂದೆ ನಿಂತಿತು? ಆ ಅಳತೆಯೇ ಬ್ರಾಗ್ ಹಾಳೆಗಳಿಂದ ಪಡೆದ ಅಳತೆ. (ಗೋಲಿಗೆ ಶಿಖರ ಇರುವುದಿಲ್ಲ, ಅದು ಬೇರೆ ಮಾತು.)

ಈ ಕೆಲಸದಿಂದ ಬ್ರಾಗ್ ಹೆಸರು ಸಮುದ್ರ ದಾಟಿತು. 1907ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1909ರಲ್ಲಿ ಕುಟುಂಬದೊಂದಿಗೆ ಇಂಗ್ಲೆಂಡಿಗೆ ಮರಳಿ ಲೀಡ್ಸ್ ನಗರದಲ್ಲಿ ಪ್ರಾಧ್ಯಾಪಕರಾದರು. ಮುಂದೆ ತಂದೆ ಮಗ ಸೇರಿ ಕ್ಷ-ಕಿರಣಗಳನ್ನು ಹರಳುಗಳ ಮೇಲೆ ಹಾಯಿಸಿ, ಅಡಿಗೆ ಉಪ್ಪಿನಲ್ಲಿ, ವಜ್ರದಲ್ಲಿ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಎಂದು ತೋರಿಸಿದರು. ಮೊಣಕೈ ಮುರಿದುಕೊಂಡಿದ್ದ ಹುಡುಗ ಈಗ ತಂದೆಗೆ ಜೊತೆಗಾರ! ಇದಕ್ಕಾಗಿ 1915ರ ನೊಬೆಲ್ ಬಹುಮಾನ ಇಬ್ಬರಿಗೂ ಬಂತು. ತಂದೆ ಮಗ ಒಂದೇ ನೊಬೆಲ್ ಹಂಚಿಕೊಂಡದ್ದು ಅದೊಂದೇ ಸಲ. ಲಾರೆನ್ಸ್‌ಗೆ ಆಗ 25 ವರ್ಷ. ವಿಜ್ಞಾನದ ನೊಬೆಲ್ ಪಡೆದವರಲ್ಲಿ ಇಂದಿಗೂ ಅವರೇ ಎಲ್ಲರಿಗಿಂತ ಕಿರಿಯರು.

ಆದರೆ ಆ ಮನೆಯಲ್ಲಿ ಸಂತೋಷವಿರಲಿಲ್ಲ. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಬಹುಮಾನದ ಸುದ್ದಿ ಬರುವ ಎರಡೇ ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಕಿರಿಯ ಮಗ ಬಾಬ್ ಟರ್ಕಿಯ ಗಲಿಪೊಲಿ ಯುದ್ಧದಲ್ಲಿ ಗಾಯಗೊಂಡು ಸತ್ತಿದ್ದ. ಬ್ರಾಗ್ ಆಮೇಲೆ ನೀರಿನಡಿಯ ಶತ್ರು ಜಲಾಂತರ್ಗಾಮಿಗಳ ಸದ್ದನ್ನು ಹಿಡಿಯುವ ಉಪಕರಣಗಳ ಕೆಲಸದಲ್ಲಿ ತೊಡಗಿದರು.

ಯುದ್ಧ ಮುಗಿದ ಮೇಲೆ ಅವರು ನಿಮ್ಮಂಥ ಮಕ್ಕಳಿಗೂ ಮೇಷ್ಟರಾದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಪ್ರಯೋಗಗಳೊಂದಿಗೆ ಉಪನ್ಯಾಸ ನಡೆಯುತ್ತದೆ. 1919ರಲ್ಲಿ ಬ್ರಾಗ್ ಅಲ್ಲಿ ಶಬ್ದದ ಬಗ್ಗೆ ಮಾತಾಡಿದರು. 1923ರಲ್ಲಿ ಆ ಸಂಸ್ಥೆಯ ಮುಖ್ಯಸ್ಥರೇ ಆದರು. 1942ರ ಮಾರ್ಚ್ 10ರಂದು, ತಮ್ಮ 79ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಅವರು ಕಣ್ಣಾರೆ ನೋಡದೆ ಹೋದ ಸಂಗತಿಯನ್ನು ಈಗ ಹೇಳಬೇಕು. 1946ರಲ್ಲಿ ಅಮೆರಿಕದ ರಾಬರ್ಟ್ ವಿಲ್ಸನ್ ಎಂಬ ಭೌತವಿಜ್ಞಾನಿ ಒಂದು ಲೇಖನ ಬರೆದರು. ಕ್ಯಾನ್ಸರ್ ಗಡ್ಡೆಗೆ ಕ್ಷ-ಕಿರಣ ಕೊಟ್ಟರೆ ಅದು ಚರ್ಮದಿಂದ ಒಳಹೊಕ್ಕು ಗಡ್ಡೆಯನ್ನು ದಾಟಿ ಆಚೆಗೂ ಹೋಗುತ್ತದೆ. ದಾರಿಯಲ್ಲಿರುವ ಒಳ್ಳೆಯ ಭಾಗಗಳಿಗೂ ಏಟು ಬೀಳುತ್ತದೆ. ಅದರ ಬದಲು ಹೈಡ್ರೋಜನ್ ಪರಮಾಣುವಿನ ಬೀಜವಾದ ಪ್ರೋಟಾನ್‌ಗಳನ್ನು ವೇಗವಾಗಿ ಓಡಿಸಿ ದೇಹದೊಳಗೆ ಕಳುಹಿಸಿದರೆ? ಅವಕ್ಕೂ ಬ್ರಾಗ್ ಶಿಖರವಿದೆ. ಶಿಖರ ಗಡ್ಡೆಯೊಳಗೇ ಬೀಳುವಂತೆ ಮಾಡಿದರೆ ಆಚೆಗೆ ಏನೂ ಹೋಗದು. 1954ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಪ್ರೋಟಾನ್ ಕೊಟ್ಟರು. ನಮ್ಮ ದೇಶದಲ್ಲಿ ಚೆನ್ನೈನ ಆಸ್ಪತ್ರೆಯೊಂದರಲ್ಲಿ 2019ರಲ್ಲಿ ಈ ಚಿಕಿತ್ಸೆ ಆರಂಭವಾಯಿತು. 2023ರಲ್ಲಿ ನವಿ ಮುಂಬೈಯ ಟಾಟಾ ಸ್ಮಾರಕ ಕೇಂದ್ರದಲ್ಲೂ ಆರಂಭವಾಯಿತು. ಮಕ್ಕಳ ಗಡ್ಡೆಗಳಿಗೆ ಇದು ವಿಶೇಷವಾಗಿ ಉಪಯುಕ್ತ. ಬೆಳೆಯುವ ಮೈಗೆ ಅನಗತ್ಯ ವಿಕಿರಣ ಕಡಿಮೆ ತಗುಲಿದಷ್ಟೂ ಒಳ್ಳೆಯದಲ್ಲವೇ?

ಬೆಳಕಿನ ವೇಗದ ಅರ್ಧದಷ್ಟು ವೇಗದಲ್ಲಿ ಓಡುವ ಪ್ರೋಟಾನ್ ನೀರಿನಲ್ಲಿ ಸುಮಾರು 15 ಸೆಂಟಿಮೀಟರು ಹೋಗಿ ನಿಲ್ಲುತ್ತದೆ. ನಮ್ಮ ಮಾಂಸ ಹೆಚ್ಚುಕಡಿಮೆ ನೀರಿನಂತೆಯೇ. ಮೂಳೆ ಸ್ವಲ್ಪ ಹೆಚ್ಚು ತಡೆಯುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಕಡಿಮೆ ತಡೆಯುತ್ತದೆ. ಯಾವುದು ಎಷ್ಟಿದೆ ಎಂದು ತಿಳಿಯಲು ಮೊದಲು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಸುತ್ತಲೂ ತಿರುಗಿ ಕ್ಷ-ಕಿರಣ ಹಾಯಿಸಿ, ದೇಹವನ್ನು ಬ್ರೆಡ್ಡಿನಂತೆ ಹಲ್ಲೆ ಹಲ್ಲೆಯಾಗಿ ತೋರಿಸುವ ಯಂತ್ರ ಅದು. ಅದು ತೋರಿಸುವ ಬಿಳಿ-ಕಪ್ಪಿನ ಅಂಕಿಗಳಿಂದ ಕಂಪ್ಯೂಟರು ಪ್ರೋಟಾನ್ ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕುತ್ತದೆ.

ಲೋಹ ಕಾಟ ಕೊಡುವುದು ಇಲ್ಲಿಯೇ. ಬೆನ್ನುಮೂಳೆಯ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಾಗ ಮೂಳೆ ಕುಸಿಯದಿರಲೆಂದು ಟೈಟಾನಿಯಂ ರಾಡು, ತಿರುಪು ಹಾಕಿರುತ್ತಾರೆ. ಉಳಿದ ಚೂರುಪಾರು ಗಡ್ಡೆಗೆ ಪ್ರೋಟಾನ್ ಬೇಕು. ಸ್ಕ್ಯಾನ್ ತೆಗೆದರೆ ಲೋಹದ ಸುತ್ತ ಬಿಳಿ-ಕಪ್ಪು ಗೆರೆಗಳು ಸೂರ್ಯನ ಕಿರಣಗಳಂತೆ ಹರಡಿಕೊಂಡಿರುತ್ತವೆ. ಕ್ಷ-ಕಿರಣ ಲೋಹವನ್ನು ಸರಿಯಾಗಿ ದಾಟಲಾರದ್ದರಿಂದ ಯಂತ್ರ ತಪ್ಪು ಓದುತ್ತದೆ. ಅಲ್ಲಿರುವುದು ಮಾಂಸವಾದರೂ ಗಾಳಿಯಂತೆಯೋ ಮೂಳೆಯಂತೆಯೋ ಕಾಣುತ್ತದೆ. ಹಲ್ಲಿಗೆ ಬೆಳ್ಳಿ ತುಂಬಿಸಿಕೊಂಡವರ ಬಾಯಿಯ ಸ್ಕ್ಯಾನಿನಲ್ಲೂ ಇದೇ ಗೋಳು. ಇನ್ನು ಲೋಹದ ಜಾಗದಲ್ಲಿ ಅಂಕಿ ಎಷ್ಟಿರಬೇಕೋ ಅಷ್ಟು ಬರುವುದೇ ಇಲ್ಲ. ಅನೇಕ ಸ್ಕ್ಯಾನರುಗಳ ಸಾಮಾನ್ಯ ಮಾಪಕ 3071ಕ್ಕೆ ಮುಗಿದುಹೋಗುತ್ತದೆ. ಹತ್ತು ಕಿಲೋ ತೂಗುವ ತಕ್ಕಡಿಗೆ ಮೂಟೆ ಹಾಕಿದ ಹಾಗೆ!

ಒಂದು ಲೆಕ್ಕ ಮಾಡೋಣ ಬನ್ನಿ. ಟೈಟಾನಿಯಂ ನೀರಿನ ಸುಮಾರು 3.2ರಷ್ಟು ತಡೆ ಒಡ್ಡುತ್ತದೆ. ತಿರುಪು 5 ಮಿಲಿಮೀಟರು ದಪ್ಪವಿದ್ದರೆ ಅದು 16 ಮಿಲಿಮೀಟರು ನೀರಿಗೆ ಸಮ. ಕಂಪ್ಯೂಟರು ಅದನ್ನು ಬರೀ ಮಾಂಸವೆಂದು ಎಣಿಸಿದರೆ ಶಿಖರ 11 ಮಿಲಿಮೀಟರು ಮೊದಲೇ ಬಿದ್ದುಬಿಡುತ್ತದೆ. ಮಧ್ಯೆ ಅಡ್ಡ ಬಂದ ತಿರುಪಿನ ನೆರಳಿನಲ್ಲಿ ಗಡ್ಡೆಯ ಆಚೆ ತುದಿ ಏಟಿಲ್ಲದೆ ಉಳಿಯುತ್ತದೆ, ಮತ್ತೆ ಬೆಳೆಯಬಹುದು. ಲೆಕ್ಕ ಇನ್ನೊಂದು ಕಡೆಗೆ ತಪ್ಪಿದರೆ ಶಿಖರ ಗಡ್ಡೆಯನ್ನು ದಾಟಿ ಮಿದುಳುಬಳ್ಳಿಯ ಮೇಲೆ ಬೀಳುತ್ತದೆ. ಮಿದುಳುಬಳ್ಳಿಯ ಅಗಲ ನಿಮ್ಮ ಕಿರುಬೆರಳಿನಷ್ಟು. ಅದಕ್ಕೆ ಪೆಟ್ಟಾದರೆ ಕಾಲಿನ ಸ್ವಾಧೀನವೇ ಹೋಗಬಹುದು. ಪ್ರೋಟಾನ್ ತಟ್ಟನೆ ನಿಲ್ಲುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಎಲ್ಲಿ ನಿಲ್ಲುತ್ತದೆಂದು ತಪ್ಪಾಗಿ ತಿಳಿದರೆ ಅದೇ ಅಪಾಯ. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯ ವೈದ್ಯರು 2007ರಲ್ಲಿ ಒಂದು ವಿಷಯ ವರದಿ ಮಾಡಿದರು. ಬೆನ್ನುಮೂಳೆಯ ಒಂದು ಬಗೆಯ ಗಡ್ಡೆಗೆ ಪ್ರೋಟಾನ್ ಪಡೆದವರಲ್ಲಿ, ಲೋಹ ಹಾಕಿಸಿಕೊಂಡಿದ್ದವರಿಗೆ ರೋಗ ಹೆಚ್ಚಾಗಿ ಮರುಕಳಿಸಿತ್ತು. ಅದಕ್ಕೆ ಲೋಹವೊಂದೇ ಕಾರಣ ಎನ್ನಲಾಗದು. ಅಂಥವರ ಗಡ್ಡೆಯೂ ಹೆಚ್ಚು ಹರಡಿರುವುದು ಸಾಮಾನ್ಯ. ಆದರೂ ಎಲ್ಲರೂ ಎಚ್ಚೆತ್ತುಕೊಂಡರು.

ಹಾಗಾದರೆ ಏನು ಮಾಡುತ್ತಾರೆ? ಸಾಧ್ಯವಾದರೆ ಲೋಹವನ್ನು ತಪ್ಪಿಸಿ ಬೇರೆ ದಿಕ್ಕಿನಿಂದ ಪ್ರೋಟಾನ್ ಬಿಡುತ್ತಾರೆ. ಗೆರೆಗಳನ್ನು ಅಳಿಸುವ ಸಾಫ್ಟ್‌ವೇರ್ ಬಳಸುತ್ತಾರೆ. ಮುಂದೆ ಪ್ರೋಟಾನ್ ಬೇಕಾಗಬಹುದೆಂದು ಮೊದಲೇ ತಿಳಿದಿದ್ದರೆ, ಶಸ್ತ್ರಚಿಕಿತ್ಸೆಯಲ್ಲಿ ಟೈಟಾನಿಯಂ ಬದಲು ಇಂಗಾಲದ ನಾರು ಬೆರೆಸಿದ ಪ್ಲಾಸ್ಟಿಕ್ ರಾಡು ಹಾಕುವುದೂ ಉಂಟು. ಅದು ಕಣಗಳಿಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಲೋಹವೇ ಇದ್ದರೆ ಅದು ಯಾವ ಲೋಹ, ಎಷ್ಟು ದಪ್ಪ ಎಂದು ಶಸ್ತ್ರಚಿಕಿತ್ಸೆ ಮಾಡಿದವರ ದಾಖಲೆಯಿಂದ ಹುಡುಕಿ ತೆಗೆದು, ಸರಿಯಾದ ಅಂಕಿಯನ್ನು ಕಂಪ್ಯೂಟರಿಗೆ ಕೈಯಿಂದಲೇ ತುಂಬುತ್ತಾರೆ. ಆಸ್ಪತ್ರೆಯ ಕಾಗದಗಳನ್ನು ಜೋಪಾನವಾಗಿಡಿ ಎಂದು ಹಿರಿಯರು ಹೇಳುವುದಕ್ಕೆ ಇದೂ ಒಂದು ಕಾರಣ.

ಆ ಅಂಕಿಯನ್ನು ಪಡೆಯುವ ಒಂದು ಬಗೆಯನ್ನು ಕೇಳಿ. ಅದೇ ಲೋಹದ ಒಂದು ಬಿಡಿ ತುಂಡನ್ನು ತರುತ್ತಾರೆ. ರೋಗಿಯಿಲ್ಲದ ಖಾಲಿ ಕೋಣೆಯಲ್ಲಿ ನೀರಿನ ತೊಟ್ಟಿಯ ಮುಂದೆ ಅದನ್ನು ಇಟ್ಟು ಪ್ರೋಟಾನ್ ಹಾಯಿಸುತ್ತಾರೆ. ತುಂಡು ಇಲ್ಲದಾಗ ಶಿಖರ ಎಲ್ಲಿತ್ತು, ಇಟ್ಟಾಗ ಎಷ್ಟು ಹತ್ತಿರ ಬಂತು ಎಂದು ಅಳೆಯುತ್ತಾರೆ. ಇಷ್ಟು ಲೋಹ, ಇಷ್ಟು ಮಿಲಿಮೀಟರು ನೀರಿಗೆ ಸಮ ಎಂದು ಬರೆದುಕೊಳ್ಳುತ್ತಾರೆ. ಅಡಿಲೇಡಿನಲ್ಲಿ ಬ್ರಾಗ್ ಮತ್ತು ಕ್ಲೀಮನ್ ಮಾಡಿದ್ದ ಪಟ್ಟಿಯಲ್ಲಿ ನೀರಿನ ಬದಲು ಗಾಳಿ ಇತ್ತು, ಮಿಲಿಮೀಟರಿನ ಬದಲು ಸೆಂಟಿಮೀಟರು ಇತ್ತು.